ಹಾರ್ಟ್ ಅಟ್ಯಾಕ್ ಆದ ಮೇಲಿನ ಆರು ವಾರ: ನಾನು ಏನು ಹೇಳುತ್ತೇನೆ, ಯಾಕೆ

ಮಡಿಕೇರಿಯ ನನ್ನ ಕ್ಲಿನಿಕ್‌ಗೆ ಹಾರ್ಟ್ ಅಟ್ಯಾಕ್ ಆದವರು ಬರುವುದು ಗಂಡಾಂತರ ಕಳೆದ ಮೇಲೆ. ಮೈಸೂರಿಗೆ ಹೋಗಿ, ಸ್ಟೆಂಟ್ ಹಾಕಿಸಿಕೊಂಡು, ಡಿಸ್ಚಾರ್ಜ್ ಶೀಟ್ ಹಿಡಿದು ಬರುತ್ತಾರೆ. ಅಲ್ಲಿಂದ ಮುಂದೆ ಗಾಯ ಮಾಯುವ ತನಕ ನೋಡಿಕೊಳ್ಳುವ ಕೆಲಸ ನನ್ನದು.

ಈಚೆಗೆ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವುದು ರೋಗಿಯಲ್ಲ, ಬೆಂಗಳೂರಿನಿಂದ ಬಂದ ಮಗ. "ಡಾಕ್ಟ್ರೇ, ಸ್ಟೆಮ್ ಸೆಲ್ ಹಾಕಿಸಿದ್ರೆ ಅಪ್ಪನ ಹಾರ್ಟ್ ಮೊದಲಿನ ಹಾಗೆ ಆಗುತ್ತಾ?" ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಆಗಲ್ಲ ಅಂತ ಹೇಳಿ ಕಳಿಸಬಹುದು. ಆದರೆ ಸುಮ್ನೆ ಹಾಗೆ ಕಳಿಸಿದರೆ ಇನ್ನೆಲ್ಲೋ ದುಡ್ಡು ಕಟ್ಟಿ ಬರುತ್ತಾರೆ. ಅದಕ್ಕೇ ಕೂರಿಸಿಕೊಂಡು ಚೀಟಿಯ ಹಿಂದೆ ಚಿತ್ರ ಬರೆಯುತ್ತೇನೆ.

ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಭೂಕುಸಿತಗಳ ನಂತರವಂತೂ ಮಕ್ಕಳಿಗೂ ಗೊತ್ತು. ಮೊದಲು ಜೆಸಿಬಿ ಬಂದು ಮಣ್ಣು ತೆಗೆಯಬೇಕು, ಆಮೇಲೆ ತಡೆಗೋಡೆ. ಮಣ್ಣು ತೆಗೆಯದೆ ಗೋಡೆ ಕಟ್ಟಲು ಆಗಲ್ಲ. ಜೆಸಿಬಿ ಹೋಗದೆ ಅಗೆಯುತ್ತಲೇ ಇದ್ದರೂ ಗೋಡೆ ಏಳಲ್ಲ. ಹೃದಯದಲ್ಲೂ ಇದೇ ಸರದಿ. ರಕ್ತ ಸಿಗದೆ ಸಾಯುವ ಸ್ನಾಯುಕೋಶಗಳು ಅಪಾಯದ ಸಂಕೇತ ಬಿಡುತ್ತವೆ. ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಹಿಂದೆಯೇ ಮೋನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು, ಮ್ಯಾಕ್ರೋಫೇಜ್‌ಗಳಾಗಿ, ಸತ್ತದ್ದನ್ನು ತಿಂದು ಜಾಗ ಖಾಲಿ ಮಾಡುತ್ತವೆ. ಈ ಹೊತ್ತಿನಲ್ಲಿ ಉರಿಯೂತ ಏರಿಸುವ ಐಎಲ್-1 ಎಂಬ ಸಂಕೇತದ್ದೇ ಜೋರು. ಕೆಲವು ದಿನ ಕಳೆದ ಮೇಲೆ ಮ್ಯಾಕ್ರೋಫೇಜ್‌ಗಳ ವರಸೆ ಬದಲಾಗುತ್ತದೆ. ಐಎಲ್-10, ಟಿಜಿಎಫ್-ಬೀಟಾ ಎಂಬ ಬೇರೆ ಸಂಕೇತಗಳನ್ನು ಬಿಡತೊಡಗುತ್ತವೆ. ಉರಿಯೂತ ತಗ್ಗುತ್ತದೆ. ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೊಲ್ಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೆಣೆದು, ಗಾಯದ ಜಾಗದಲ್ಲಿ ಗಟ್ಟಿ ಕಲೆ ಕಟ್ಟುತ್ತವೆ. ಗೋಡೆ ಬಂದ ಮಾತ್ರಕ್ಕೆ ಹೋದ ಗುಡ್ಡ ವಾಪಸ್ ಬರಲ್ಲ, ಅಲ್ವಾ? ಈ ಕಲೆಯೂ ಬಡಿಯಲ್ಲ. ಉಳಿದ ಹೃದಯ ಉಬ್ಬದಂತೆ ಹಿಡಿದಿಡುತ್ತದೆ, ಅಷ್ಟೇ.

ಹಾಗಾದರೆ ಸ್ಟೆಮ್ ಸೆಲ್ ಮಾತು ಎಲ್ಲಿಂದ ಬಂತು? 2001ರಲ್ಲಿ ಅಮೆರಿಕದ ಒಂದು ತಂಡ, ಮೂಳೆಮಜ್ಜೆಯ ಕೋಶ ಚುಚ್ಚಿದರೆ ಇಲಿಯ ಹೃದಯದಲ್ಲಿ ಹೊಸ ಸ್ನಾಯು ಹುಟ್ಟುತ್ತದೆ ಎಂದಿತು. ಹೃದಯಕ್ಕೆ ಅದರದೇ ಸ್ಟೆಮ್ ಸೆಲ್ ಇದೆ ಎಂದೂ ಹೇಳಿತು. ಬೇರೆಯವರು ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. 2018ರಲ್ಲಿ ಹಾರ್ವರ್ಡ್ ಮತ್ತು ಬ್ರಿಗಮ್ ಆಸ್ಪತ್ರೆ, ಆ ಪ್ರಯೋಗಾಲಯದ 31 ಪ್ರಬಂಧಗಳನ್ನು ವಾಪಸ್ ಪಡೆಯಬೇಕು ಎಂದವು.

ನನಗೆ ಇದಕ್ಕಿಂತ ಕುತೂಹಲದ್ದು ಮುಂದಿನ ಸಂಗತಿ. ಚುಚ್ಚಿದ ಕೋಶಗಳು ಸ್ನಾಯು ಆಗದಿದ್ದರೂ ಕೆಲವು ಇಲಿಗಳ ಹೃದಯ ಸ್ವಲ್ಪ ಸುಧಾರಿಸುತ್ತಿತ್ತಲ್ಲ, ಅದು ಹೇಗೆ? ಅಮೆರಿಕದ ಸಿನ್ಸಿನಾಟಿಯ ತಂಡ 2019ರಲ್ಲಿ ಉತ್ತರ ಕೊಟ್ಟಿತು. ಜೀವಂತ ಕೋಶ ಚುಚ್ಚಿದರೂ ಲಾಭ, ಸತ್ತ ಕೋಶ ಚುಚ್ಚಿದರೂ ಲಾಭ. ಕೋಶವೇ ಇಲ್ಲದೆ, ಯೀಸ್ಟ್‌ನ ಹೊರಪದರದಿಂದ ತೆಗೆದ ಝೈಮೋಸಾನ್ ಚುಚ್ಚಿದರೂ ಲಾಭ! ಚುಚ್ಚಿದ್ದು ಮ್ಯಾಕ್ರೋಫೇಜ್‌ಗಳನ್ನು ಕರೆಯುತ್ತಿತ್ತು, ಅವು ಕಲೆಯನ್ನು ಸರಿಪಡಿಸುತ್ತಿದ್ದವು. ಮ್ಯಾಕ್ರೋಫೇಜ್ ಇಲ್ಲದಂತೆ ಮಾಡಿದಾಗ ಲಾಭವೂ ಮಾಯ. ಇಷ್ಟು ವರ್ಷ ಸ್ಟೆಮ್ ಸೆಲ್ ಲೆಕ್ಕಕ್ಕೆ ಬರೆದಿದ್ದ ಪುಣ್ಯ ರೋಗನಿರೋಧಕ ಕೋಶಗಳದ್ದಾಗಿತ್ತು.

ಹೊಸ ಸ್ನಾಯು ಹುಟ್ಟುವುದೇ ಇಲ್ಲ ಎಂದಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 (ವಿಕಿರಣಶೀಲ ಇಂಗಾಲ) ಇಟ್ಟುಕೊಂಡು ಕೋಶಗಳ ವಯಸ್ಸನ್ನು ಸ್ವೀಡನ್ನಿನವರು 2009ರಲ್ಲಿ ಲೆಕ್ಕ ಹಾಕಿದರು. ಹೃದಯದ ಸ್ನಾಯುಕೋಶಗಳಲ್ಲಿ ಹೊಸದಾಗುವುದು 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1, 75ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ದೊಡ್ಡ ಅಟ್ಯಾಕ್‌ನಲ್ಲಿ ನೂರು ಕೋಟಿಯಷ್ಟು ಕೋಶ ಹೋಗಬಹುದು. ಇದು ಯಾವ ಮೂಲೆಗೆ ಸಾಕು?

ಇಷ್ಟು ಹೇಳಿದ ಮೇಲೆ ರೋಗಿಯ ಮಾತ್ರೆಯ ಚೀಲ ಮೇಜಿನ ಮೇಲೆ ಸುರಿಸುತ್ತೇನೆ. ಹುಡುಕುವುದು ನೋವಿನ ಮಾತ್ರೆಯನ್ನು. ತೋಟದಲ್ಲಿ ದುಡಿಯುವವರ ಜೇಬಿನಲ್ಲಿ ಡೈಕ್ಲೋಫಿನಾಕ್ ಇದ್ದೇ ಇರುತ್ತದೆ, ಮಂಡಿಗೋ ಸೊಂಟಕ್ಕೋ. ಅಟ್ಯಾಕ್ ಆದವರಲ್ಲಿ ಇಂಥ ಮಾತ್ರೆಗಳು ಮತ್ತೊಂದು ಅಟ್ಯಾಕ್‌ನ ಅಪಾಯ ಹೆಚ್ಚಿಸುತ್ತವೆ. ಕಲೆ ಕಟ್ಟುವುದಕ್ಕೂ ಅಡ್ಡ ಬರಬಹುದು. ಅದನ್ನು ತೆಗೆದು ಪ್ಯಾರಾಸಿಟಮಾಲ್ ಬರೆಯುತ್ತೇನೆ. ಆಸ್ಪಿರಿನ್ ಬೇರೆ ಲೆಕ್ಕ, ಅದನ್ನು ಬಿಡಲೇಬಾರದು ಎಂದು ಎರಡು ಸಲ ಹೇಳುತ್ತೇನೆ. ಯಾಕೆಂದರೆ "ನೋವಿನ ಮಾತ್ರೆ ಬೇಡ" ಅಂದ ಕೂಡಲೇ ಅದನ್ನೂ ನಿಲ್ಲಿಸುವವರಿದ್ದಾರೆ.

ಉರಿಯೂತವೇ ಶತ್ರುವಾದರೆ ಅದನ್ನೇ ಇಳಿಸಿಬಿಡಿ ಎನ್ನುತ್ತಾರೆ ಓದಿದವರು. ಉರಿಯೂತ ಇಳಿಸುವ ಕಾಲ್ಚಿಸಿನ್ ಮಾತ್ರೆಗೆ 2019ರ ದೊಡ್ಡ ಪ್ರಯೋಗದಲ್ಲಿ ಲಾಭ ಕಂಡಿತು, 2024ರ ಇನ್ನೂ ದೊಡ್ಡದರಲ್ಲಿ ಕಾಣಲಿಲ್ಲ. ನಾನಾಗಿ ಶುರು ಮಾಡುವುದಿಲ್ಲ. ಹೃದ್ರೋಗ ತಜ್ಞರು ಬರೆದಿದ್ದರೆ ನಿಲ್ಲಿಸುವುದೂ ಇಲ್ಲ.

ಕಾಫಿ ಕುಯ್ಲಿನ ಸಮಯವಾದರೆ ಜಗಳ ಜಾಸ್ತಿ. ಮೊದಲ ಆರು ವಾರ 50 ಕೆಜಿ ಚೀಲ ಎತ್ತಬಾರದು, ಏಣಿ ಹತ್ತಿ ಮೆಣಸು ಕುಯ್ಯಬಾರದು. ಕಲೆ ಇನ್ನೂ ಎಳಸಾಗಿರುತ್ತದೆ. ನಡೆಯಬೇಕು, ಆದರೆ ಸಮತಟ್ಟಿನಲ್ಲಿ. ನಮ್ಮೂರಲ್ಲಿ ಸಮತಟ್ಟು ಎಲ್ಲಿದೆ ಅಂತ ನಗುತ್ತಾರೆ. ಕಾಫಿ ಒಣಗಿಸುವ ಕಣದಲ್ಲೇ ಸುತ್ತು ಹಾಕಿ ಎನ್ನುತ್ತೇನೆ. ಮಳೆ ಹಿಡಿಯುವ ಮುಂಚೆ ಫ್ಲೂ ಲಸಿಕೆ ಹಾಕಿಸುತ್ತೇನೆ. ಅಟ್ಯಾಕ್ ಆದವರಿಗೆ ಬೇಗನೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 2021ರ ಪ್ರಯೋಗ ತೋರಿಸಿದೆ. ಆರು ವಾರ ಕಳೆದ ಮೇಲೆ ಮತ್ತೆ ಎಕೋ, ಅಂದರೆ ಹೃದಯದ ಸ್ಕ್ಯಾನ್.

ಮಗ ಇನ್ನೂ ಹಟ ಹಿಡಿದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ತೋರಿಸುತ್ತೇನೆ. ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದು ಒಪ್ಪಿಗೆ ಪಡೆದ ಪ್ರಯೋಗದ ಒಳಗೆ ಮಾತ್ರ. ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಯಾರಾದರೂ ಪ್ಯಾಕೇಜ್ ದರ ಹೇಳಿದರೆ, ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನಲ್ಲಿ ಆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ ನನಗೆ ಫೋನ್ ಮಾಡಿ ಎನ್ನುತ್ತೇನೆ.