ಪಿಲಿಕುಳದಲ್ಲಿ ನಾಲ್ಕು ಮರ, ಮೂರು ಮಕ್ಕಳು

ಬೇಸಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಅಕ್ಕನ ಇಬ್ಬರು ಮಕ್ಕಳು ಮಂಗಳೂರಿನ ನಮ್ಮ ಮನೆಗೆ ಬಂದಿಳಿಯುತ್ತಾರೆ. ನನ್ನ ಮಗಳೂ ಸೇರಿದರೆ ಮೂವರು. ಹನ್ನೊಂದು, ಎಂಟು, ಆರು ವಯಸ್ಸು. ಒಂದು ವಾರ ಮನೆಯೊಳಗೆ ಇಟ್ಟುಕೊಂಡರೆ ಸೋಫಾ ಉಳಿಯುವುದಿಲ್ಲ. ಹಾಗಾಗಿ ಒಂದು ಮೇ ತಿಂಗಳಲ್ಲಿ ಪಿಲಿಕುಳಕ್ಕೆ ಹೊರಡಿಸಿದೆ. ನನ್ನ ಕಣ್ಣಿದ್ದದ್ದು ಅಲ್ಲಿಯ ಸಸ್ಯೋದ್ಯಾನದ ಮೇಲೆ. ಪಶ್ಚಿಮ ಘಟ್ಟದ ಮರಗಳನ್ನೇ ತಂದು ಬೆಳೆಸಿದ ಜಾಗ ಪೇಟೆಯಿಂದ ಇಷ್ಟು ಹತ್ತಿರ ಇರುವುದು ಸಣ್ಣ ಮಾತಲ್ಲ. ನಾನು ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದಿದವಳು ಬೇರೆ.

ಅದೇ ಎಡವಟ್ಟಾಯಿತು. ಇಪ್ಪತ್ತು ಮರಗಳ ಹೆಸರು ಬರೆದ ಹಾಳೆ ಮಾಡಿ, ಮೂರು ಜೆರಾಕ್ಸ್ ತೆಗೆಸಿ, ‘ಕಂಡದ್ದಕ್ಕೆ ಟಿಕ್ ಹಾಕಿ’ ಎಂದು ಕೈಗೆ ಕೊಟ್ಟೆ. ತಲುಪಿದಾಗ ಹನ್ನೊಂದು ಗಂಟೆ. ಪಿಲಿಕುಳ ಎಂದರೆ ತುಳುವಿನಲ್ಲಿ ಹುಲಿಯ ಕೊಳ ಎಂದು ದಾರಿಯಲ್ಲಿ ನಾನೇ ಹೇಳಿದ್ದೆ, ಅಲ್ಲಿ ಮೃಗಾಲಯವೂ ಉಂಟು, ಇನ್ನು ಕೇಳಬೇಕೆ? ಮೊದಲು ಹುಲಿ, ಆಮೇಲೆ ಮರ ಎಂದಾಯಿತು. ಹುಲಿ ನೋಡಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಬೆವರು, ಹೊಟ್ಟೆ ಹಸಿವು, ಟಿಕ್ ಹಾಕುವ ಹಾಳೆ ಬೀಸಣಿಗೆ ಆಗಿತ್ತು. ಅಕ್ಕನ ಮಗ ಸುಸ್ತಾಗಿ ನಿಂತು, “ಚಿಕ್ಕಮ್ಮ, ಎಲ್ಲಾ ಮರಾನೂ ಒಂದೇ ಥರ ಇದೆ” ಎಂದ. ಸಿಟ್ಟು ಬಂತು, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿತ್ಯಹರಿದ್ವರ್ಣ ಕಾಡಿನ ಮರಗಳೆಂದರೆ ಮುಕ್ಕಾಲು ಪಾಲಿನ ಎಲೆ ಕಡುಹಸಿರು, ನುಣುಪು, ಮೊಟ್ಟೆಯಾಕಾರ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನೇ ತಡವರಿಸಿದ್ದೇನೆ.

ಮರುವರ್ಷ ಮೃಗಾಲಯಕ್ಕೆ ಬೇರೆ ದಿನ, ಮರಗಳಿಗೆ ಬೇರೆ ದಿನ ಮಾಡಿದೆ. ಹುಲಿಯನ್ನು ಬಹುಮಾನದ ಹಾಗೆ ಕೊನೆಗೆ ಇಟ್ಟರೆ ಮಕ್ಕಳು ಮರದ ಕೆಳಗೆ ನಿಂತೇ “ಹುಲಿ ಯಾವಾಗ?” ಅನ್ನುತ್ತಿರುತ್ತವೆ. ಇಪ್ಪತ್ತು ಮರದ ಬದಲು ನಾಲ್ಕೇ ಮರ. ಇವೆಲ್ಲಕ್ಕಿಂತ ಪ್ರಯೋಜನಕ್ಕೆ ಬಂದದ್ದು, ನಾಲ್ಕು ದಿನ ಮೊದಲು ನಾನೊಬ್ಬಳೇ ಹೋಗಿ ಒಂದು ಸುತ್ತು ಹಾಕಿದ್ದು. ಯಾವುದು ಚಿಗುರಿದೆ, ಯಾವುದರ ಕೆಳಗೆ ಕಾಯಿ ಬಿದ್ದಿದೆ ಎಂದು ನೋಡಿಕೊಂಡು ಬಂದೆ. ಮರದ ಫಲಕ ವರ್ಷವಿಡೀ ಅದೇ, ಮರ ಮಾತ್ರ ವಾರಕ್ಕೊಂದು ಥರ.

ಮೊದಲು ಚೇರೆ ಮರವನ್ನೇ ತೋರಿಸಿದೆ. ಹೊಳೆಗೇರು ಎನ್ನುವುದೂ ಉಂಟು. ಲ್ಯಾಟಿನ್ನಿನ ‘ಹೊಲಿಗಾರ್ನಾ’ ಹುಟ್ಟಿದ್ದೇ ಈ ಕನ್ನಡದ ಹೆಸರಿನಿಂದ. ಸೊನೆ ತಾಗಿದರೆ ಚರ್ಮ ತುರಿಸಿ, ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕಾಂಡದ ಮೇಲೆ ಸೊನೆ ಒಣಗಿದಲ್ಲಿ ಟಾರು ಚೆಲ್ಲಿದಂಥ ಕಪ್ಪು ಕಲೆ. ಮೂರು ಮಾರು ದೂರ ನಿಲ್ಲಿಸಿ, ಕೈ ಹಿಂದೆ ಕಟ್ಟಿಸಿ ಆ ಕಲೆ ತೋರಿಸಿದೆ. ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬಂದು ತಪ್ಪಾಯಿತು ಅನ್ನಬೇಕು ಎಂದು ನನ್ನ ಅಜ್ಜಿ ಹೇಳುತ್ತಿದ್ದ ಕತೆಯನ್ನೂ ಹೇಳಿದೆ. “ಡಾಕ್ಟರ್ ಹತ್ರ ಹೋಗ್ಬಾರ್ದಾ?” ಎಂದು ಹನ್ನೊಂದರವಳ ಪ್ರಶ್ನೆ. ಹೋಗಬೇಕು, ಅದಕ್ಕೂ ಮೊದಲು ಸೋಪು ಹಾಕಿ ತೊಳೆಯಬೇಕು ಎಂದೆ. ಆಮೇಲೆ ‘ಕೇಳದೆ ಮುಟ್ಟಬೇಡಿ’ ಎಂದು ಒಮ್ಮೆಯೂ ಹೇಳಬೇಕಾಗಲಿಲ್ಲ. ಕಿತ್ತಳೆಯಂಥ ಹಣ್ಣಿನ ಕಾಸರಕದಲ್ಲಿರುವ ವಿಷದ ವಿಚಾರ ಹೇಳುವಾಗಲೂ ಅದೇ ಭಯ ಕೆಲಸಕ್ಕೆ ಬಂತು. ಮಕ್ಕಳಿಗೆ ಹೂವಿನ ಮರದಿಂದ ಶುರು ಮಾಡಬೇಕು ಎನ್ನುವವರಿದ್ದಾರೆ. ನನಗೆ ವಿಷದ ಮರವೇ ಸರಿ.

ಎರಡನೆಯದು ಅಶೋಕ. “ಇದು ಅಶೋಕ ಅಲ್ಲ, ನಮ್ ಸ್ಕೂಲ್ ಕಾಂಪೌಂಡಲ್ಲಿ ಇರೋದು ಉದ್ದಕ್ಕೆ ಕಂಬದ ಥರ ಇದೆ” ಎಂದು ಬೆಂಗಳೂರಿನವರು ವಾದಕ್ಕೆ ನಿಂತರು. ಆ ಉದ್ದನೆಯದರ ಹೆಸರೇ ಕಂಬದ ಮರ, ಸೀತೆ ಕೂತದ್ದು ಇದರಡಿಯಲ್ಲಿ. ಹೂವಿನ ಕಾಲ ಮುಗಿದಿತ್ತು, ಆದರೆ ಚಿಗುರು ಇತ್ತು. ಅಶೋಕದ ಎಳೆ ಎಲೆಗಳು ತಾಮ್ರದ ಬಣ್ಣದಲ್ಲಿ, ಒದ್ದೆ ಕರವಸ್ತ್ರ ಜೋತುಬಿದ್ದಂತೆ ಗೊಂಚಲಾಗಿ ಕೆಳಗೆ ನೇತಾಡುತ್ತವೆ. ಆರರವಳು, “ಅಮ್ಮ, ಇದಕ್ಕೆ ಯಾರೂ ನೀರೇ ಹಾಕಲಿಲ್ಲ” ಎಂದು ತನ್ನ ಬಾಟಲಿಯ ನೀರನ್ನು ಬುಡಕ್ಕೆ ಸುರಿದಳು. ಬಾಡಿದ್ದಲ್ಲ, ಎಳೆಯದು, ಬಲಿತ ಮೇಲೆ ಹಸಿರಾಗಿ ನೆಟ್ಟಗಾಗುತ್ತದೆ ಎಂದು ಪಕ್ಕದ ಗೆಲ್ಲಿನಲ್ಲಿ ತೋರಿಸಿದೆ. ನಂಬಿದಳು, ಆದರೂ ಉಳಿದ ನೀರನ್ನೂ ಸುರಿದೇ ಹೊರಟಳು.

ಹೈಗದ ಮರದಡಿ ಮುಕ್ಕಾಲು ಗಂಟೆ ಹೋಯಿತು. ಕಾಯಿಗೆ ಎರಡು ಉದ್ದ ರೆಕ್ಕೆ. ಮೇಲಿನಿಂದ ಬಿಟ್ಟರೆ ಗಿರಗಿರ ತಿರುಗುತ್ತ ಇಳಿಯುತ್ತದೆ. ನೆಲಕ್ಕೆ ಬಿದ್ದದ್ದನ್ನು ಮಾತ್ರ ಮುಟ್ಟಬೇಕು, ಆಟ ಮುಗಿದ ಮೇಲೆ ಅಲ್ಲೇ ಬಿಡಬೇಕು ಎಂದು ಮೊದಲೇ ಮಾತಾಗಿತ್ತು. ಎಂಟರವನು ಒಂದರ ಎರಡೂ ರೆಕ್ಕೆ ಕಿತ್ತು, ಇನ್ನೊಂದರ ಜೊತೆ ಒಟ್ಟಿಗೆ ಬಿಟ್ಟ. ರೆಕ್ಕೆಯಿಲ್ಲದ್ದು ಕಲ್ಲಿನಂತೆ ಬಿತ್ತು. ಹಾರುವುದು ದೂರ ಹೋಗಲಿಕ್ಕೆ ಎಂದು ನಾನು ಪಾಠ ಶುರು ಮಾಡಿದೆ. ಅವನು ನೆಲ ನೋಡಿ, “ಎಲ್ಲಿ ದೂರ ಹೋಗಿದೆ? ಮರಿಗಳೆಲ್ಲ ಅಮ್ಮನ ಕಾಲ್ ಹತ್ರಾನೇ ಇವೆ” ಎಂದ. ನಿಜ, ಬುಡದ ಸುತ್ತ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. ಗಾಳಿಯಿಲ್ಲದ ದಟ್ಟ ಕಾಡಿನಲ್ಲಿ ಆ ರೆಕ್ಕೆಗಳು ಹೆಚ್ಚು ದೂರ ಒಯ್ಯುವುದಿಲ್ಲ. ನಾನು ಓದಿ ಮರೆತದ್ದನ್ನು ಅವನು ನೋಡಿ ಹೇಳಿದ್ದ.

ಪುನರ್ಪುಳಿ ಮರದ ಹತ್ತಿರ, ಫ್ಲಾಸ್ಕಿನಲ್ಲಿ ತಂದಿದ್ದ ಪುನರ್ಪುಳಿ ಶರಬತ್ತನ್ನೇ ಕುಡಿದೆವು. ಇಲ್ಲಿ ಗುಲ್‌ಮೊಹರ್ ಯಾಕಿಲ್ಲ ಎಂಬ ಮಾತು ಬಂತು. ಅದು ಮಡಗಾಸ್ಕರಿನದು ಎಂದೆ. ದೇವಸ್ಥಾನದ ನಾಗಲಿಂಗ ಹೂವಿನ ಮರ? ಅದು ದಕ್ಷಿಣ ಅಮೆರಿಕದ್ದು. ಮಗಳು ಸಂಶಯದಿಂದ, “ಅಜ್ಜಿಮನೆ ಗುಡ್ಡೆಯ ಗೇರುಮರ?” ಎಂದಳು. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದದ್ದು ಎಂದಾಗ ಮುಖ ಊದಿತು. ಅಜ್ಜಿಯ ಗುಡ್ಡೆಯ ಮರ ಅಜ್ಜಿಯದಲ್ಲ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆಗಲೇ ಮೇಲೊಂದು ಸಹ್ಯಾದ್ರಿ ಚಿಟ್ಟೆ, ನಮ್ಮ ರಾಜ್ಯದ ಚಿಟ್ಟೆ, ಅಂಗೈಗಿಂತ ಅಗಲದ್ದು, ಕಪ್ಪು-ಹಳದಿ ರೆಕ್ಕೆ ಬೀಸುತ್ತ ಹೋಯಿತು. ಅದರ ಹುಳುವಿಗೆ ಈಶ್ವರ ಬಳ್ಳಿಯ ಜಾತಿಯೇ ಬೇಕು, ಗುಲ್‌ಮೊಹರ್ ಎಲೆ ಆಗುವುದಿಲ್ಲ ಎಂದಾಗ ಊರಿನ ಗಿಡ ಯಾಕೆ ಬೇಕು ಎಂಬುದಕ್ಕೆ ಬೇರೆ ಭಾಷಣ ಬೇಕಾಗಲಿಲ್ಲ.

ಚಡ್ಡಿ ಹಾಕಿಸಿದ್ದು ನನ್ನ ತಪ್ಪು. ಚಗಳಿ ಇರುವೆ ಕಚ್ಚಿ ಇಬ್ಬರು ಅತ್ತರು. ಈಗ ಪೂರ್ತಿ ಪ್ಯಾಂಟು, ಶೂ, ಬೆಳಗ್ಗೆ ಬೇಗ ಹೋಗಿ ಬಿಸಿಲೇರುವ ಮೊದಲು ವಾಪಸು.

ಮಳೆ ಹಿಡಿದ ಮೇಲೆ ಅಜ್ಜಿಮನೆಗೆ ಹೋಗುವಾಗ ಮಗಳು ಕಾರು ನಿಲ್ಲಿಸಲು ಹೇಳಿದಳು. ರಸ್ತೆಬದಿಯ ಸಾಲುಧೂಪದ ಕೆಳಗೆ ಕಾಯಿ ಬಿದ್ದಿತ್ತು, ಮೂರು ಹೆಕ್ಕಿಕೊಂಡಳು. ಧೂಪದ ಬೀಜ ಭತ್ತ, ಹೆಸರುಕಾಳಿನ ಹಾಗೆ ಡಬ್ಬಿಯಲ್ಲಿ ಇಟ್ಟು ಕಾಯುವುದಲ್ಲ, ಒಣಗಿದರೆ ಸತ್ತಂತೆ. ಅವಳು ಬ್ಯಾಗಿನಲ್ಲಿ ಒದ್ದೆ ಕೊಡೆಯ ಜೊತೆ ಮರೆತೇಬಿಟ್ಟಿದ್ದಳು. ಭಾನುವಾರ ಪುಸ್ತಕ ತೆಗೆಯಲು ಕೈ ಹಾಕಿದರೆ ಒಂದರ ಬೇರು ಹೊರಬಂದಿತ್ತು. ಹಾಲಿನ ಪ್ಯಾಕೆಟಿಗೆ ಮಣ್ಣು ತುಂಬಿ ಊರಿದೆವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆರಳಲ್ಲಿ ಉಂಟು. ಬೆಂಗಳೂರಿನವರು ವಿಡಿಯೋ ಕಾಲ್ ಮಾಡಿದರೆ ಮೊದಲು ಎಲೆ ಎಣಿಸಬೇಕು, ಈಗ ನಾಲ್ಕು. ಐದು ಸೆಂಟ್ಸ್ ಜಾಗದಲ್ಲಿ ನೂರಡಿಯ ಮರ ಎಲ್ಲಿ ನೆಡುತ್ತೀರಿ ಎಂದು ಇವರು ಕೇಳುತ್ತಾರೆ. ಅಜ್ಜಿಮನೆ ಗುಡ್ಡೆಯಲ್ಲಿ ಗೇರುಮರ ತೆಗೆದು ನೆಡೋಣ ಎಂದು ಮಗಳು ಹೇಳುತ್ತಾಳೆ. ಅಜ್ಜಿಗೆ ಇನ್ನೂ ತಿಳಿಸಿಲ್ಲ.