ಎದುರಿನವರು ಬಿ4 ಆಡಿದರೆ ನಗಬೇಡಿ

ಭಾನುವಾರದ ಸಣ್ಣ ಚೆಸ್ ಟೂರ್ನಿ, ತಲಾ 15 ನಿಮಿಷದ ಆಟ. ನನ್ನೆದುರು ರಿಟೈರ್ ಆದ ಯಜಮಾನರೊಬ್ಬರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಬಿ2ರ ಕಾಲಾಳನ್ನು ಎರಡು ಮನೆ ಮುಂದೆ, ಅಂದರೆ ಬಿ4ಕ್ಕೆ, ತಳ್ಳಿದರು. ಪಾಪ, ಆಟ ಮರೆತಿದ್ದಾರೆ ಅಂದುಕೊಂಡೆ. ನಾನು ಇ5 ಆಡಿದೆ (ಬರೀ ಮನೆಯ ಹೆಸರು ಅಂದರೆ ಅಲ್ಲಿಗೆ ಹೋದದ್ದು ಕಾಲಾಳು), ಅವರ ಒಂಟೆ ಬಿ2ಕ್ಕೆ ಬಂತು. ಇ5 ಕಾಲಾಳನ್ನು ಕಾಯಬೇಕಲ್ವಾ ಅಂತ ಕುದುರೆಯನ್ನು ಸಿ6ಕ್ಕೆ ಹಾರಿಸಿದೆ. ಅವರು ಸುಮ್ನೆ ಬಿ5 ತಳ್ಳಿದರು. ಕುದುರೆ ಎ5ಕ್ಕೆ ಓಡಿತು, ಒಂಟೆ ನನ್ನ ಕಾಲಾಳನ್ನು ನುಂಗಿತು. ನಾಲ್ಕೇ ನಡೆ!

ಆಟ ಶುರುಮಾಡುವ ಈ ಬಗೆಗೆ ಸೊಕೊಲ್‌ಸ್ಕಿ ಓಪನಿಂಗ್ ಅಂತ ಹೆಸರು. ಒರಾಂಗುಟಾನ್ ಅಂತಲೂ ಕರೆಯುತ್ತಾರೆ. 1924ರ ನ್ಯೂಯಾರ್ಕ್ ಟೂರ್ನಿಯ ಸಮಯದಲ್ಲಿ ಆಟಗಾರ ಟಾರ್ಟಕೋವರ್ ಬ್ರಾಂಕ್ಸ್ ಮೃಗಾಲಯಕ್ಕೆ ಹೋಗಿ ಸೂಸನ್ ಎಂಬ ಒರಾಂಗುಟಾನ್ ನೋಡಿ ಬಂದರು. ಆಮೇಲೆ ಅದೇ ಟೂರ್ನಿಯಲ್ಲಿ ಮರೋತ್ಸಿ ಎಂಬ ಆಟಗಾರನ ಎದುರು ಬಿ4 ಆಡಿದರು. ಆಟ ಸೋತರು, ಹೆಸರು ಮಾತ್ರ ಉಳಿಯಿತು.

ಗುರುತಿಸುವುದು ಸುಲಭ, ಆದರೆ ಒಂದು ಕಡೆ ಎಡವುತ್ತೇವೆ. ಬಿ ಕಾಲಾಳು ಒಂದೇ ಮನೆ ಹೋದರೆ, ಅಂದರೆ ಬಿ3 ಆದರೆ, ಅದು ಲಾರ್ಸೆನ್ ಓಪನಿಂಗ್. ಒಂಟೆ ಅಲ್ಲೂ ಬಿ2ಕ್ಕೇ ಬರುತ್ತದೆ. ಆದರೆ ಅಲ್ಲಿ ಕುದುರೆ ಸಿ6 ಒಳ್ಳೆಯ ನಡೆ, ಓಡಿಸೋಕೆ ಕಾಲಾಳು ಇನ್ನೂ ದೂರ ಇದೆ. ನಾನು ಲಾರ್ಸೆನ್‌ಗೆ ಕಲಿತ ಉತ್ತರವನ್ನೇ ಇಲ್ಲಿ ಕೊಟ್ಟು ಕೆಟ್ಟೆ.

ಈಗ ನಾನು ಆಡುವ ಬಗೆ ಹೇಳುತ್ತೇನೆ. ಬಿ4ಕ್ಕೆ ಇ5. ಒಂಟೆ ಬಿ2ಕ್ಕೆ ಬಂದರೆ ಇ5 ಕಾಯೋಕೆ ಹೋಗಬೇಡಿ. ನಿಮ್ಮ ಒಂಟೆಯಿಂದ ಬಿ4 ಕಾಲಾಳನ್ನೇ ಹೊಡೆಯಿರಿ. ಅವರು ಇ5 ಹೊಡೆಯುತ್ತಾರೆ, ಹೊಡೆಯಲಿ. ಲೆಕ್ಕ ಸರಿಹೋಯಿತು. ನಡುವಿನ ಕಾಲಾಳು ನಿಮ್ಮದು ಹೋಯಿತು ನಿಜ, ಆದರೆ ನಿಮ್ಮ ಕಾಯಿಗಳು ಬೇಗ ಹೊರಗೆ ಬರುತ್ತವೆ. ಈಗ ಅವರ ಒಂಟೆ ಜಿ7 ಕಾಲಾಳನ್ನು ನೋಡುತ್ತಿದೆ, ಅದರ ಹಿಂದೆ ಎಚ್8ರಲ್ಲಿ ನಿಮ್ಮ ಆನೆ. ತಕ್ಷಣ ಕುದುರೆಯನ್ನು ಎಫ್6ಕ್ಕೆ ತನ್ನಿ. ಆ ಕುದುರೆಯೇ ಬಾಗಿಲ ಚಿಲಕ, ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿ ರಾಜ ಮೂಲೆಯತ್ತ ಸರಿಯುವುದು) ಆಗುವವರೆಗೆ ಅದನ್ನು ಅಲ್ಲಾಡಿಸಬೇಡಿ. ಆಮೇಲೆ ಡಿ5, ಸಿ5. ಆನೆಯನ್ನು ಇ8ಕ್ಕೆ ತಂದರೆ ಇ5ರ ಒಂಟೆಗೆ ಕಿರಿಕಿರಿ.

ಇ5 ಕಾಯೋಕೆ ಎಫ್6 ಆಡುವವರೂ ಇದ್ದಾರೆ. ನನಗೆ ಹಿಡಿಸಲ್ಲ. ಕುದುರೆಯ ಜಾಗಕ್ಕೆ ಕಾಲಾಳು ಕೂತುಬಿಡುತ್ತದೆ, ಬಿಳಿಯ ಇನ್ನೊಂದು ಒಂಟೆ ಸಿ4ಕ್ಕೆ ಬಂದರೆ ಕ್ಯಾಸ್ಲಿಂಗ್ ಕೂಡ ಕಷ್ಟ. ಇಷ್ಟೆಲ್ಲ ತಲೆನೋವು ಬೇಡ ಅನ್ನುವವರು ಮೊದಲೇ ಇ5 ಬದಲು ಡಿ5, ಕುದುರೆ ಎಫ್6, ಒಂಟೆ ಎಫ್5 ಅಂತ ತಣ್ಣಗೆ ಆಡಬಹುದು.

ಮುಂದಿನ ತಿಂಗಳು ಅದೇ ಯಜಮಾನರು ಮತ್ತೆ ಸಿಕ್ಕರು. ಮತ್ತೆ ಬಿ4. ಈ ಸಲ ಎಫ್6 ಕುದುರೆಯನ್ನೇ ಅವರ ಒಂಟೆ ಹೊಡೆಯಿತು. ನನ್ನ ರಾಣಿಯಿಂದ ವಾಪಸ್ ಹೊಡೆದೆ. ಎ1ರ ಆನೆಯ ಮೇಲೆ ಕಣ್ಣು ಬಿತ್ತು. ಅವರು ಸಿ3 ಆಡಿ ದಾರಿ ಮುಚ್ಚಿದರು, ಜೊತೆಗೆ ನನ್ನ ಒಂಟೆಯನ್ನೂ ಕೆಣಕಿದರು. ಒಂಟೆ ಸಿ5ಕ್ಕೆ ಸರಿಯಿತು. ಈಗ ರಾಣಿ ಎಫ್2ಕ್ಕೆ ಹೋದರೆ ಚೆಕ್‌ಮೇಟ್! ಯಜಮಾನರು ಕಾಫಿ ಲೋಟ ಕೆಳಗಿಟ್ಟು, ಬೋರ್ಡನ್ನು ಒಮ್ಮೆ ನೋಡಿ, ನಿಧಾನವಾಗಿ ಇ3 ಆಡಿದರು.

ಆ ಆಟ ಡ್ರಾ ಆಯಿತು. ಇನ್ನೊಂದು ಸಲ ಜಿ4 ತೋರಿಸ್ತೀನಿ ಅಂದಿದ್ದಾರೆ.