ದಂತ ಚಿಕಿತ್ಸಾಲಯಕ್ಕೆ ರೋಗಿಗಳು ಬರಲು, ಬಂದವರು ಉಳಿಯಲು: ತಾಲ್ಲೂಕು ಕೇಂದ್ರದ ಹೊಸ ವೈದ್ಯರಿಗೆ

ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ದಂತ ಚಿಕಿತ್ಸಾಲಯ ತೆರೆಯುವವರು ಸಾಮಾನ್ಯವಾಗಿ ಫ್ಲೆಕ್ಸ್ ಮತ್ತು ಕರಪತ್ರಗಳಿಂದ ಪ್ರಚಾರ ಆರಂಭಿಸುತ್ತಾರೆ. ಆದರೆ ನಮ್ಮ ಊರುಗಳಲ್ಲಿ ಬಹಳಷ್ಟು ಜನ ಹಲ್ಲಿನ ಡಾಕ್ಟರ ಬಳಿಗೆ ಬರುವುದು ಲವಂಗವೂ ಮೆಡಿಕಲ್ ಸ್ಟೋರಿನ ಮಾತ್ರೆಯೂ ಕೈಕೊಟ್ಟು, ರಾತ್ರಿ ನಿದ್ದೆ ಬಾರದೆ ಹೋದ ಮೇಲೆ. ಆ ಹೊತ್ತಿನಲ್ಲಿ ಅವರು ಫ್ಲೆಕ್ಸ್ ನೆನಪಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯವರನ್ನು ಕೇಳುತ್ತಾರೆ. ಪಕ್ಕದ ಮನೆಯವರು ಏನು ಹೇಳುತ್ತಾರೆ ಎಂಬುದು ಅವರಿಗೆ ನೀವು ಮಾಡಿದ ಚಿಕಿತ್ಸೆ ಪೂರ್ಣವಾಯಿತೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಪ್ರಚಾರಕ್ಕೆ ಇಟ್ಟುಕೊಂಡ ಶ್ರಮದ ದೊಡ್ಡ ಪಾಲನ್ನು ರೋಗಿಯ ಎರಡನೆಯ ಭೇಟಿಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನಿನ ಮಿತಿ ತಿಳಿದಿರಲಿ. ಭಾರತೀಯ ದಂತ ಪರಿಷತ್ತಿನ 2014ರ ಪರಿಷ್ಕೃತ ನೀತಿ ಸಂಹಿತೆಯ ಪ್ರಕಾರ ರೋಗಿಗಳನ್ನು ನೇರವಾಗಿಯಾಗಲಿ ಮಧ್ಯವರ್ತಿಗಳ ಮೂಲಕವಾಗಲಿ ಸೆಳೆಯುವುದು ಮತ್ತು ರೋಗಿಯನ್ನು ಕಳುಹಿಸಿಕೊಟ್ಟವರಿಗೆ ಕಮಿಷನ್ ಕೊಡುವುದು ನೀತಿಬಾಹಿರ. ಚಿಕಿತ್ಸಾಲಯ ಆರಂಭವಾದಾಗ ಅಥವಾ ವಿಳಾಸ ಬದಲಾದಾಗ ಪತ್ರಿಕೆಯಲ್ಲಿ ಸರಳ ಪ್ರಕಟಣೆ ಕೊಡಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ, ಚಿಕಿತ್ಸಾ ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸುವುದೂ ಕಡ್ಡಾಯ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲಿನ ಅರ್ಧದಲ್ಲಿರಬೇಕು. ನಿಯಮದ ಮಾತು ಹಾಗಿರಲಿ, ಹಳ್ಳಿಯಿಂದ ಬಸ್ಸಿಳಿದು ಬರುವವರಿಗೆ "ಹಲ್ಲಿನ ಆಸ್ಪತ್ರೆ" ಎಂಬ ದಪ್ಪ ಅಕ್ಷರಗಳೇ ದಾರಿ ತೋರಿಸುತ್ತವೆ.

ಗೂಗಲ್ ನಕ್ಷೆಯಲ್ಲಿ ಚಿಕಿತ್ಸಾಲಯದ ಹೆಸರು, ಸಮಯ, ದೂರವಾಣಿ ಸಂಖ್ಯೆ ಸರಿಯಾಗಿರಲಿ, ವಾರದ ರಜೆಯನ್ನೂ ನಮೂದಿಸಿ. ಬಾಗಿಲು ಮುಚ್ಚಿದ ದಿನ ಬಂದು ಹಿಂದಿರುಗಿದ ರೋಗಿ ಮತ್ತೆ ಬರುವುದು ಅಪರೂಪ. ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡುವುದನ್ನು ಗೂಗಲ್ ನಿಷೇಧಿಸಿದೆ, ಅದು ವೃತ್ತಿಗೂ ಶೋಭೆಯಲ್ಲ. ಯಾರಾದರೂ ದೂರು ಬರೆದರೆ ಅವರ ಚಿಕಿತ್ಸೆಯ ವಿವರವನ್ನು ಉತ್ತರದಲ್ಲಿ ಬಹಿರಂಗಪಡಿಸಬೇಡಿ. ಬಂದು ಮಾತನಾಡಲು ಆಹ್ವಾನಿಸಿದರೆ ಸಾಕು.

ಇನ್ನು ಎರಡನೆಯ ಭೇಟಿಯ ವಿಷಯ. ರೂಟ್ ಕೆನಾಲ್ ಮಾಡಿಸಿಕೊಳ್ಳುವವರು ಅರ್ಧಕ್ಕೆ ನಿಲ್ಲಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಮೊದಲ ದಿನ ಹಲ್ಲನ್ನು ತೆರೆದು ಒಳಗಿನ ಒತ್ತಡ ಇಳಿಸಿದ ಕೂಡಲೇ ನೋವು ಹೋಗುತ್ತದೆ, "ನೋವೇ ಇಲ್ಲವಲ್ಲ ಡಾಕ್ಟ್ರೇ, ಇನ್ನೇಕೆ ಬರಬೇಕು?" ಎಂದು ಮನೆಯಲ್ಲೇ ಉಳಿಯುತ್ತಾರೆ. ಕೆಲವು ತಿಂಗಳ ನಂತರ ಹಲ್ಲು ಮುರಿದೋ ಕೀವು ತುಂಬಿಯೋ ಕೀಳಿಸಿಕೊಳ್ಳಬೇಕಾದಾಗ, ಆ ಡಾಕ್ಟರು ಮಾಡಿದ ರೂಟ್ ಕೆನಾಲ್ ನಿಲ್ಲಲಿಲ್ಲ ಎಂಬ ಮಾತು ಊರೆಲ್ಲ ಹರಡುತ್ತದೆ. ಇದನ್ನು ತಡೆಯಲು ರೋಗಿ ಕುರ್ಚಿಯಿಂದ ಏಳುವ ಮೊದಲೇ, ಬಾಯಿ ಮರಗಟ್ಟಿರುವಾಗಲೇ, ಎಕ್ಸ್‌ರೇ ತೋರಿಸಿ ಹೀಗೆ ಹೇಳಿ: "ಅಮ್ಮಾ, ನೋವು ಇವತ್ತು ಸಂಜೆಗೇ ಕಡಿಮೆಯಾಗುತ್ತದೆ, ಆದರೆ ರೋಗ ಇನ್ನೂ ಪೂರ್ತಿ ಹೋಗಿಲ್ಲ. ಈಗ ಹಾಕಿರುವುದು ತಾತ್ಕಾಲಿಕ ಸಿಮೆಂಟು, ಅದು ಸವೆದರೆ ಎಂಜಲು ಒಳಗಿಳಿದು ಮತ್ತೆ ಕೀವು ಕಟ್ಟುತ್ತದೆ." ಜೊತೆಯಲ್ಲಿ ಬಂದ ಮಗನಿಗೋ ಸೊಸೆಗೋ ಇದನ್ನೇ ಇನ್ನೊಮ್ಮೆ ಹೇಳಿ, ಏಕೆಂದರೆ ಮುಂದಿನ ಸಲ ಕರೆತರುವವರೂ ಹಣ ಕೊಡುವವರೂ ಬಹುತೇಕ ಅವರೇ. ಮುಂದಿನ ಭೇಟಿಯನ್ನು ಸಂತೆಯ ದಿನಕ್ಕೆ ಕೊಟ್ಟರೆ ಹಳ್ಳಿಯವರಿಗೆ ಬೇರೆಯಾಗಿ ಬಸ್ ಚಾರ್ಜೂ ಕೂಲಿಯ ನಷ್ಟವೂ ತಪ್ಪುತ್ತವೆ. ಹಿಂದಿನ ದಿನ ಸಂಜೆ ಸಿಬ್ಬಂದಿ ಫೋನ್ ಮಾಡಿ ನೆನಪಿಸಲಿ; ಓದಲು ಬಾರದ ಹಿರಿಯರಿಗೆ ವಾಟ್ಸ್‌ಆ್ಯಪ್ ಸಂದೇಶದಿಂದ ಪ್ರಯೋಜನವಿಲ್ಲ.

ರೋಗಿಗಳು ಕಳೆದುಹೋಗುವ ಇನ್ನೊಂದು ಜಾಗ ಹಣದ ಮಾತು. ರೂಟ್ ಕೆನಾಲ್‌ಗೆ ಒಂದು ದರ ಹೇಳಿ, ಕೊನೆಯ ದಿನ ಕ್ಯಾಪ್‌ಗೆ (ಹಲ್ಲಿನ ಮೇಲೆ ಕೂರಿಸುವ ಕವಚಕ್ಕೆ) ಬೇರೆ ದುಡ್ಡು ಎಂದರೆ ರೋಗಿಗೆ ಮೋಸಹೋದ ಭಾವನೆ ಬರುತ್ತದೆ, ಆ ದರ ಎಷ್ಟೇ ನ್ಯಾಯವಾಗಿದ್ದರೂ. ಮೊದಲ ದಿನವೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ: ಎಷ್ಟು ಸಲ ಬರಬೇಕು, ಯಾವ ಸಲಕ್ಕೆ ಎಷ್ಟು, ಕ್ಯಾಪ್‌ನಲ್ಲಿ ಯಾವ ಯಾವ ಬಗೆಗಳಿವೆ, ಈಗ ಆಗದಿದ್ದರೆ ಯಾವುದನ್ನು ಮುಂದೂಡಬಹುದು, ಯಾವುದನ್ನು ಮುಂದೂಡಬಾರದು. ಅವರು ಆ ಚೀಟಿಯನ್ನು ಮನೆಗೆ ಒಯ್ದು ನಾಲ್ಕು ಜನರಿಗೆ ತೋರಿಸಿ ಚರ್ಚಿಸುತ್ತಾರೆ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆಗೂ ಮೊದಲೇ ಉತ್ತರ ಕೊಡಬೇಕು. ವಸಡು ಕುಗ್ಗಿ ಆದ ಸಂದಿಗಳನ್ನು ಗಟ್ಟಿಯಾದ ಪಾಚಿ ಮುಚ್ಚಿಕೊಂಡಿರುತ್ತದೆ. ಅದನ್ನು ತೆಗೆದಾಗ ಸಂದಿ ಕಾಣುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ. ಶುಚಿಗೊಳಿಸುವ ಮೊದಲು ಕನ್ನಡಿಯಲ್ಲಿ ತೋರಿಸಿ ಇಷ್ಟು ಹೇಳಿದರೆ ರೋಗಿ ಒಪ್ಪಿಕೊಳ್ಳುತ್ತಾನೆ. ಚಿಕಿತ್ಸೆ ಮುಗಿದ ಮೇಲೆ ಇದನ್ನೇ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಮುಂದಿನ ತಪಾಸಣೆಗೆ ಎಲ್ಲರಿಗೂ ಆರು ತಿಂಗಳೆಂದು ಹೇಳುವ ರೂಢಿಯಿದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಸಲಹೆ ವಯಸ್ಕರಿಗೆ ಅವರವರ ಅಪಾಯಕ್ಕೆ ತಕ್ಕಂತೆ 3ರಿಂದ 24 ತಿಂಗಳ ಅಂತರವನ್ನು ಸೂಚಿಸುತ್ತದೆ. ಸಕ್ಕರೆ ಕಾಯಿಲೆ ಇರುವವರನ್ನೂ ಗುಟ್ಕಾ ಜಗಿಯುವವರನ್ನೂ ಬೇಗ ಕರೆಯಿರಿ. ಹಲ್ಲು ಚೆನ್ನಾಗಿರುವವರಿಗೆ ಒಂದು ವರ್ಷ ಬಿಟ್ಟು ಬಂದರೆ ಸಾಕೆಂದು ಹೇಳುವ ಧೈರ್ಯ ಮಾಡಿ. ಬೇಡದ ಭೇಟಿಯನ್ನು ಬೇಡವೆಂದ ವೈದ್ಯರ ಮಾತನ್ನು ಜನ ಬೇಕಾದಾಗ ನಂಬುತ್ತಾರೆ.

ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವುದು ಒಳ್ಳೆಯ ಕೆಲಸ, ಆದರೆ ಅಲ್ಲಿ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಆರನೆಯ ವಯಸ್ಸಿಗೆ ಹಿಂದೆ ಮೂಡುವ ದವಡೆ ಹಲ್ಲು ಶಾಶ್ವತ ಹಲ್ಲು, ಅದು ಬಿದ್ದು ಮತ್ತೆ ಹುಟ್ಟುವುದಿಲ್ಲ ಎಂಬುದನ್ನು ಹೆತ್ತವರಿಗೆ ತಿಳಿಸುವ ಒಂದು ಪುಟದ ಕನ್ನಡ ಹಾಳೆಯನ್ನು ಕೊಡಿ. ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಅದಕ್ಕೆ ಹಲ್ಲುಜ್ಜದಿರುವುದು ಕಾರಣವಲ್ಲ. ಮೇಷ್ಟರ ಮುಂದೆ ನೀವು ಇಷ್ಟು ಹೇಳಿದರೆ ಮಗುವಿನ ಮೇಲಿನ ಬೈಗುಳ ತಪ್ಪುತ್ತದೆ.

ಇವೆಲ್ಲ ಫಲಿಸುತ್ತಿವೆಯೇ ಎಂದು ತಿಳಿಯಲು ಎರಡು ವಿಷಯ ಬರೆದಿಡಿ. ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಯಾರು ಹೇಳಿದರೆಂದು ಕೇಳಿ ರಿಜಿಸ್ಟರಿನಲ್ಲಿ ನಮೂದಿಸಿ. ಶನಿವಾರ ಸಂಜೆ ಅದೇ ರಿಜಿಸ್ಟರ್ ತೆರೆದು, ಚಿಕಿತ್ಸೆ ಆರಂಭಿಸಿ ಮುಗಿಸದವರ ಹೆಸರುಗಳನ್ನು ಗುರುತು ಮಾಡಿ, ಸೋಮವಾರ ನೀವೇ ಅವರಿಗೆ ಫೋನ್ ಮಾಡಿ.